ಸರ್ವರ್ ಬಿಜಿ ಇದೆ, ಮಧ್ಯಾಹ್ನದ ಮೇಲೆ ಬನ್ನಿ

ದೊಡ್ಡಮ್ಮ ಮೂರನೆಯ ಸಲವೂ ಬರಿಗೈಯಲ್ಲಿ ವಾಪಸು ಬಂದ ದಿನ ನಾನು ಊರಲ್ಲೇ ಇದ್ದೆ. ಒಂದು ಪ್ರಮಾಣಪತ್ರಕ್ಕಾಗಿ ಅವರು ಏಳೂವರೆಯ ಬಸ್ಸು ಹಿಡಿದು, ಕಚೇರಿಯ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತಿದ್ದರು. ಕೌಂಟರಿನ ಹುಡುಗ ಮೂರು ಸಲವೂ ಹೇಳಿದ್ದು ಒಂದೇ ಮಾತು: "ಅಜ್ಜಿ, ಸರ್ವರ್ ಬಿಜಿ ಇದೆ, ಮಧ್ಯಾಹ್ನದ ಮೇಲೆ ಬನ್ನಿ." ಮಧ್ಯಾಹ್ನದ ಮೇಲೂ ಅದೇ ಉತ್ತರ. ಅವನ ತಪ್ಪೇನೂ ಇರಲಿಲ್ಲ. ಅವನ ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತಲೇ ಇತ್ತು.

ಕಾಲು ತೊಳೆದು ಜಗಲಿಯ ಮೇಲೆ ಕೂತ ದೊಡ್ಡಮ್ಮ ನನ್ನನ್ನು ಕೇಳಿದರು: "ನೀನು ಇದೇ ಕೆಲಸದಲ್ಲಿ ಇರೋನಲ್ವಾ ಮಗ? ಮಿಷನ್ನು ಬಿಜಿ ಆಗೋದು ಅಂದ್ರೆ ಏನು? ಅದಕ್ಕೆ ಔಷಧಿ ಇಲ್ವಾ?"

ಔಷಧಿ ಇದೆ, ಅದೂ ಇಪ್ಪತ್ತು ವರ್ಷಗಳಿಂದ ಗೊತ್ತಿರುವ ಔಷಧಿ. ಅವರಿಗೆ ಅವತ್ತು ನಾನು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲು ನನ್ನದೇ ಒಂದು ರಾತ್ರಿಯ ಕತೆ. 2008ರ ಸುಮಾರಿಗೆ ಹಳೆಯ ಪ್ರಶ್ನೆಪತ್ರಿಕೆಗಳ ವೆಬ್‌ಸೈಟೊಂದನ್ನು ನಾನು ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಸರ್ವರ್. ವರ್ಷದ ಹತ್ತು ತಿಂಗಳು ಅದರ ಪಾಡಿಗೆ ಅದು ಓಡುತ್ತಿತ್ತು. ಮಾರ್ಚ್ ಬಂತು, ಪರೀಕ್ಷೆಯ ಹಿಂದಿನ ರಾತ್ರಿ ಒಂಬತ್ತಕ್ಕೆ ಸೈಟು ತೆರೆಯುವುದೇ ನಿಂತುಹೋಯಿತು. ಲಾಗಿನ್ ಆಗುವುದಕ್ಕೇ ನನಗೆ ನಾಲ್ಕು ನಿಮಿಷ ಬೇಕಾಯಿತು. 'ಟಾಪ್' ಎಂಬ ಆಜ್ಞೆ ಕೊಟ್ಟರೆ ಮೇಲಿನ ಸಾಲಿನಲ್ಲಿ ಮೂರು ಅಂಕಿಗಳು ಬರುತ್ತವೆ. ಕಳೆದ ಒಂದು ನಿಮಿಷ, ಐದು ನಿಮಿಷ, ಹದಿನೈದು ನಿಮಿಷದಲ್ಲಿ ಸರಾಸರಿ ಎಷ್ಟು ಕೆಲಸಗಳು ಓಡುತ್ತಿದ್ದವು ಅಥವಾ ಸರದಿಗೆ ಕಾಯುತ್ತಿದ್ದವು ಎಂಬ ಲೆಕ್ಕ ಅದು. ಲೋಡ್ ಅಂತ ನಾವು ಕರೆಯುವುದು ಇದನ್ನೇ. ನಾಲ್ಕು ಕೋರ್ ಇರುವ ಯಂತ್ರದಲ್ಲಿ ನಾಲ್ಕು ಬಂದರೆ ಕೈತುಂಬ ಕೆಲಸ ಅಂತ ಅರ್ಥ. ಅವತ್ತು ಅಲ್ಲಿ ಇದ್ದದ್ದು ಅರವತ್ತರ ಮೇಲೆ.

ಆದರೆ ಅದೇ ಪರದೆಯಲ್ಲಿ ಇನ್ನೊಂದು ಸಾಲು ವಿಚಿತ್ರವಾಗಿತ್ತು: ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿ ಕೂತಿತ್ತು. ಹೊಸಬರು ದಾರಿ ತಪ್ಪುವುದು ಇಲ್ಲಿಯೇ. ಲೋಡ್ ಜಾಸ್ತಿ ಎಂದ ಕೂಡಲೇ ಇನ್ನೂ ದೊಡ್ಡ ಯಂತ್ರ ತರಿಸೋಣ ಅನ್ನುತ್ತಾರೆ. ಲಿನಕ್ಸ್‌ನಲ್ಲಿ 1993ರಿಂದಲೂ ಡಿಸ್ಕ್‌ಗಾಗಿ ಕಾಯುತ್ತಿರುವ ಕೆಲಸಗಳನ್ನೂ ಈ ಲೆಕ್ಕಕ್ಕೆ ಸೇರಿಸುತ್ತಾರೆ. ಅಂದರೆ ನಮ್ಮ ಅರವತ್ತು ಕೆಲಸಗಳಲ್ಲಿ ಬಹುಪಾಲು ಏನೂ ಮಾಡದೆ ಡಿಸ್ಕಿನ ಬಾಗಿಲಲ್ಲಿ ನಿಂತಿದ್ದವು. ಯಾಕೆ ಅಂತ ಹುಡುಕಿದರೆ ಲೆಕ್ಕ ಸರಳವಾಗಿತ್ತು. ಬಂದ ಪ್ರತಿಯೊಬ್ಬರಿಗೂ ಅಪಾಚೆ ತಂತ್ರಾಂಶ ಒಂದೊಂದು ಪ್ರೊಸೆಸ್ ಎಬ್ಬಿಸುತ್ತಿತ್ತು, ಒಂದೊಂದಕ್ಕೂ ಸುಮಾರು 30 ಎಂಬಿ ಮೆಮೊರಿ. ಏಕಕಾಲಕ್ಕೆ 256 ಮಂದಿಗೆ ಅವಕಾಶ ಕೊಟ್ಟಿದ್ದೆವು. ಗುಣಿಸಿದರೆ ಏಳೂವರೆ ಜಿಬಿಗೂ ಹೆಚ್ಚು, ಯಂತ್ರದಲ್ಲಿದ್ದದ್ದು ನಾಲ್ಕೇ ಜಿಬಿ. ಮೆಮೊರಿ ಸಾಲದ್ದಕ್ಕೆ ಯಂತ್ರ ಡಿಸ್ಕನ್ನೇ ಮೆಮೊರಿ ಮಾಡಿಕೊಂಡು, ಒಬ್ಬರ ಗಂಟನ್ನು ಒಳಗಿಟ್ಟು ಇನ್ನೊಬ್ಬರ ಗಂಟನ್ನು ಹೊರತೆಗೆಯುವುದರಲ್ಲೇ ಸುಸ್ತಾಗುತ್ತಿತ್ತು.

256 ಅನ್ನು 60ಕ್ಕೆ ಇಳಿಸಿದೆ. ಕೈ ನಡುಗಿತ್ತು, ಸುಳ್ಳು ಹೇಳುವುದಿಲ್ಲ. ಮಕ್ಕಳು ಬಾಗಿಲು ಬಡಿಯುತ್ತಿರುವಾಗ ಬಾಗಿಲನ್ನೇ ಕಿರಿದು ಮಾಡಿದ ಹಾಗೆ ಅನ್ನಿಸಿತ್ತು. ಹತ್ತು ನಿಮಿಷದಲ್ಲಿ ಲೋಡ್ ಇಳಿಯಿತು, ಪುಟಗಳು ತೆರೆದುಕೊಂಡವು. ಒಳಗೆ ಬಿಟ್ಟದ್ದು ಕಡಿಮೆ ಜನರನ್ನು, ಕೆಲಸ ಮುಗಿಸಿ ಹೋದವರು ಮೊದಲಿಗಿಂತ ಎಷ್ಟೋ ಹೆಚ್ಚು.

ಮರುದಿನ ಕೂತು ನೋಡಿದಾಗ ಇನ್ನೆರಡು ಹುಳುಕು ಸಿಕ್ಕವು. ಈ ಪುಟವನ್ನು ಇಷ್ಟು ಜನ ನೋಡಿದ್ದಾರೆ ಎಂದು ತೋರಿಸುವ ಸಂಖ್ಯೆಯೊಂದು ಪ್ರತಿ ಪುಟದ ಕೆಳಗಿತ್ತು. ಯಾರು ಪುಟ ತೆರೆದರೂ ಡೇಟಾಬೇಸಿನಲ್ಲಿ ಒಂದು ಬರಹ. ಆಗಿನ ಮೈಎಸ್‌ಕ್ಯೂಎಲ್‌ನ ಮೈಐಸ್ಯಾಮ್ ಎಂಬ ದತ್ತಾಂಶ ಸಂಗ್ರಹದ ಪದ್ಧತಿಯಲ್ಲಿ ಒಬ್ಬರು ಬರೆಯುವಾಗ ಇಡೀ ಕೋಷ್ಟಕಕ್ಕೇ ಬೀಗ, ಓದುವವರೆಲ್ಲ ಹೊರಗೆ. ಎರಡನೆಯದು, ವಿಷಯವಾರು ಪಟ್ಟಿ ತೆಗೆಯುವ ಕಡೆ ಸೂಚಿಯೇ (ಇಂಡೆಕ್ಸ್) ಇರಲಿಲ್ಲ. ಪ್ರತಿ ಸಲ ಮೂರು ಲಕ್ಷ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹತ್ತನ್ನು ಆರಿಸುತ್ತಿತ್ತು. ಸಂಖ್ಯೆ ತೆಗೆದುಹಾಕಿ, ಸೂಚಿ ಸೇರಿಸಿದೆವು. ಮುಂದಿನ ಮಾರ್ಚಿಗೆ ಅದೇ ಹಳೆಯ ಯಂತ್ರ ಸಾಕಾಯಿತು.

ಸರ್ವರ್ ನಿಧಾನವಾಗುವುದು ಮೆಲ್ಲಮೆಲ್ಲನೆ ಯಾಕಲ್ಲ, ಒಮ್ಮೆಲೇ ಯಾಕೆ ಎಂದು ಬಹಳ ಮಂದಿ ಕೇಳುತ್ತಾರೆ. ಇದಕ್ಕೆ ಉತ್ತರ ಕಂಪ್ಯೂಟರಿಗಿಂತ ಹಳೆಯದು. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ ಫೋನ್ ಕರೆಗಳ ದಟ್ಟಣೆಯ ಬಗ್ಗೆ 1909ರಲ್ಲೇ ಬರೆದ. ಅಲ್ಲಿಂದ ಬೆಳೆದ ಸಾಲಿನ ಗಣಿತ ಹೇಳುವುದನ್ನು ನಮ್ಮ ಕೌಂಟರಿಗೆ ಹೊಂದಿಸಿ ನೋಡಿ. ಗುಮಾಸ್ತರೊಬ್ಬರು ಒಬ್ಬರ ಕೆಲಸವನ್ನು ಸರಾಸರಿ ಒಂದು ನಿಮಿಷದಲ್ಲಿ ಮುಗಿಸುತ್ತಾರೆ, ಜನ ಹೇಗೆಂದರೆ ಹಾಗೆ ಬರುತ್ತಾರೆ ಎಂದಿಟ್ಟುಕೊಳ್ಳಿ. ಗಂಟೆಗೆ 30 ಮಂದಿ ಬಂದರೆ, ಕಾಯುವುದೂ ಸೇರಿ ಒಬ್ಬರಿಗೆ ಸರಾಸರಿ ಎರಡು ನಿಮಿಷ. 54 ಮಂದಿ ಬಂದರೆ ಹತ್ತು ನಿಮಿಷ. 57 ಮಂದಿ ಬಂದರೆ ಇಪ್ಪತ್ತು. ಗಂಟೆಗೆ ಮೂರೇ ಮೂರು ಮಂದಿ ಹೆಚ್ಚಿದ್ದಕ್ಕೆ ಕಾಯುವ ಹೊತ್ತು ಎರಡರಷ್ಟಾಯಿತು. 60 ದಾಟಿದರಂತೂ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಇದರ ಮೇಲೆ ನಮ್ಮ ಬೆರಳು. ಪುಟ ಬರದಿದ್ದರೆ ರೀಫ್ರೆಶ್ ಒತ್ತುತ್ತೇವೆ. ಹಳೆಯ ಬೇಡಿಕೆ ಒಳಗೆ ಇನ್ನೂ ಓಡುತ್ತಿರುವಾಗಲೇ ಹೊಸದೊಂದು ಸೇರುತ್ತದೆ. ಹತ್ತು ಸಾವಿರ ಮಂದಿ ಮೂರು ಸಲ ಒತ್ತಿದರೆ ಮೂವತ್ತು ಸಾವಿರ ಮಂದಿಯ ಕೆಲಸ. ಒಮ್ಮೆ ಎಡವಿದ ಸರ್ವರ್ ಮೇಲೇಳಲು ಒದ್ದಾಡುವುದು ಇದರಿಂದಲೇ.

ಬೆಳೆಯುವ ಸೈಟುಗಳು ಇದನ್ನು ಹೇಗೆ ದಾಟಿದವು ಎನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಲೈವ್‌ಜರ್ನಲ್. ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಅಮೆರಿಕದ ಹುಡುಗ ತನ್ನ ಶಾಲೆಯ ಗೆಳೆಯರ ಜತೆ ಒಡನಾಟ ಇಟ್ಟುಕೊಳ್ಳಲು 1999ರಲ್ಲಿ ಶುರುಮಾಡಿದ ದಿನಚರಿ ತಾಣ ಅದು. ಗೆಳೆಯರ ಗೆಳೆಯರು ಬಂದರು, ಒಂದು ಸರ್ವರ್ ಸಾಲದಾಯಿತು. ಪುಟ ತಯಾರಿಸಲು ಒಂದು, ಡೇಟಾಬೇಸಿಗೆ ಒಂದು ಅಂತ ಎರಡಾದವು. ಪುಟ ತಯಾರಿಸುವ ಯಂತ್ರಗಳನ್ನು ಹೆಚ್ಚಿಸಿದರೆ ಡೇಟಾಬೇಸ್ ಏದುಸಿರು ಬಿಟ್ಟಿತು. ಡೇಟಾಬೇಸಿಗೆ ಪ್ರತಿಗಳನ್ನು ಇಟ್ಟು ಓದುವ ಕೆಲಸವನ್ನು ಹಂಚಿದರು. ಆದರೆ ಬರೆದದ್ದನ್ನು ಪ್ರತಿಯೊಂದು ಪ್ರತಿಯಲ್ಲೂ ಬರೆಯಲೇಬೇಕಲ್ಲ? ಬರೆಯುವವರು ಹೆಚ್ಚಾದಂತೆ ಎಷ್ಟು ಪ್ರತಿ ಇಟ್ಟರೂ ಪ್ರಯೋಜನ ಕಾಣದಾಯಿತು. ಕೊನೆಗೆ ಬಳಕೆದಾರರನ್ನೇ ಗುಂಪು ಮಾಡಿ, ಇಂಥವರ ದಾಖಲೆ ಇಂಥ ಯಂತ್ರದಲ್ಲಿ ಎಂದು ವಿಂಗಡಿಸಿದರು. ಯಾರದು ಎಲ್ಲಿದೆ ಎಂಬ ಪಟ್ಟಿ ಮಾತ್ರ ಒಂದು ಕಡೆ. ಹೋಬಳಿವಾರು ಕಡತ ಜೋಡಿಸಿಡುವ ನಮ್ಮ ಕಚೇರಿಗಳ ಹಳೆಯ ಜಾಣ್ಮೆಯೇ ಇದು.

ಇಷ್ಟಾದರೂ ಒಂದು ವಿಷಯ ಅವರಿಗೆ ಕಾಣುತ್ತಲೇ ಇತ್ತು: ಅದೇ ಮಾಹಿತಿಯನ್ನು ಡೇಟಾಬೇಸಿನಿಂದ ಮತ್ತೆ ಮತ್ತೆ ಕೇಳುತ್ತಿದ್ದೇವೆ, ಇತ್ತ ಹಲವು ಯಂತ್ರಗಳಲ್ಲಿ ಮೆಮೊರಿ ಸುಮ್ಮನೆ ಬಿದ್ದಿದೆ. ಆ ಖಾಲಿ ಮೆಮೊರಿಯನ್ನೆಲ್ಲ ಸೇರಿಸಿ ಒಂದೇ ಉಗ್ರಾಣದಂತೆ ಬಳಸುವ ತಂತ್ರಾಂಶವನ್ನು 2003ರಲ್ಲಿ ಬರೆದರು. ಅದೇ ಮೆಮ್‌ಕ್ಯಾಷ್‌ಡಿ. ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಫೇಸ್‌ಬುಕ್, ವಿಕಿಪೀಡಿಯ, ಟ್ವಿಟರ್ ಎಲ್ಲವೂ ಅದನ್ನು ಬಳಸಿದವು.

ಹೀಗೆ ಮತ್ತೆ ಮತ್ತೆ ಕೇಳುವುದನ್ನು ಸಿದ್ಧವಾಗಿ ಇಟ್ಟುಕೊಳ್ಳುವುದಕ್ಕೆ ಕ್ಯಾಷ್ ಎನ್ನುತ್ತಾರೆ. ಅದು ಏನೆಂದು ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತರೆ ಕಣ್ಣಾರೆ ಕಾಣುತ್ತದೆ. ಟೋಕನ್ ಕೊಟ್ಟ ಕ್ಷಣವೇ ಇಡ್ಲಿ-ವಡೆ ತಟ್ಟೆಗೆ ಬೀಳುತ್ತದೆ, ಯಾಕೆಂದರೆ ಅದು ಮೊದಲೇ ಬೆಂದಿದೆ. ಮಸಾಲೆ ದೋಸೆಗೆ ಮಾತ್ರ ಕಾಯಬೇಕು, ಕಾವಲಿ ಒಂದೇ. ಎಲ್ಲರೂ ದೋಸೆಯನ್ನೇ ಕೇಳಿದರೆ ಆ ಹೋಟೆಲು ನಡೆಯದು. ವೆಬ್‌ಸೈಟಿನಲ್ಲೂ ಯಾವ ಪುಟ ಇಡ್ಲಿ, ಯಾವುದು ದೋಸೆ ಎಂದು ವಿಂಗಡಿಸುವುದೇ ಅರ್ಧ ಕೆಲಸ. ಪರೀಕ್ಷೆಯ ಫಲಿತಾಂಶವನ್ನೇ ನೋಡಿ. ಪ್ರಕಟವಾದ ಮೇಲೆ ಅಂಕಪಟ್ಟಿ ಆ ದಿನ ಬದಲಾಗುವುದಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಯ ಪುಟವನ್ನೂ ಹಿಂದಿನ ರಾತ್ರಿಯೇ ಸಿದ್ಧಮಾಡಿ ಇಟ್ಟುಬಿಡಬಹುದು. ಲಕ್ಷಾಂತರ ಮಕ್ಕಳು ಒಂದೇ ನಿಮಿಷಕ್ಕೆ ಕೇಳಿದಾಗ ಡೇಟಾಬೇಸನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಫಲಿತಾಂಶದ ದಿನ ಸರ್ವರ್ ಬೀಳುವುದನ್ನು ನಾನು ಮಳೆಗಾಲದ ನೆರೆಯಂತೆ ಒಪ್ಪಿಕೊಳ್ಳಲಾರೆ. ಆ ದಿನಾಂಕವನ್ನು ನಾವೇ ಘೋಷಿಸಿರುತ್ತೇವೆ.

ಆದರೆ ಸಿದ್ಧ ಇಡ್ಲಿಯೂ ಕೈಕೊಡುವ ಒಂದು ಗಳಿಗೆ ಇದೆ. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡರು. ಜಗತ್ತೇ ಹುಡುಕಾಟಕ್ಕೆ ಇಳಿಯಿತು. ಒಮ್ಮೆಗೇ ಬಂದ ಹುಡುಕಾಟಗಳನ್ನು ಗೂಗಲ್ ನ್ಯೂಸ್ ಯಾರೋ ನಡೆಸುತ್ತಿರುವ ದಾಳಿ ಎಂದು ಭಾವಿಸಿ ಕೆಲಹೊತ್ತು ಜನರನ್ನು ತಡೆಯಿತು. ವಿಕಿಪೀಡಿಯದಲ್ಲಿ ಆ ಒಂದು ಪುಟಕ್ಕೆ ಒಂದು ಗಂಟೆಯಲ್ಲಿ ಸುಮಾರು ಹತ್ತು ಲಕ್ಷ ಮಂದಿ ಬಂದರು. ಬರೀ ಓದುವವರಾಗಿದ್ದರೆ ವಿಕಿಪೀಡಿಯ ತಡೆದುಕೊಳ್ಳುತ್ತಿತ್ತು. ಆ ಹೊತ್ತಿಗೆ ಅದಕ್ಕೆ ಕ್ಯಾಷ್ ಹೊಸದಾಗಿರಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಸಂಪಾದಕರು ಆ ಪುಟವನ್ನು ತಿದ್ದುತ್ತಲೇ ಇದ್ದರು. ಒಂದು ಪದ ತಿದ್ದಿದರೂ ಸಿದ್ಧ ಪ್ರತಿ ಹಳತಾಗುತ್ತದೆ, ಹೊಸದನ್ನು ಕಟ್ಟಬೇಕು. ನೂರಾರು ಅಡಿಟಿಪ್ಪಣಿಗಳಿದ್ದ ಆ ಉದ್ದದ ಪುಟವನ್ನು ಕಟ್ಟಲು ಹಲವು ಸೆಕೆಂಡು ಬೇಕು. ಆ ಸೆಕೆಂಡುಗಳಲ್ಲಿ ಬಂದವರಿಗೆಲ್ಲ ಸಿದ್ಧ ಪ್ರತಿ ಸಿಗದೆ, ಹತ್ತಾರು ಸರ್ವರುಗಳು ಒಂದೇ ಪುಟವನ್ನು ತಮ್ಮ ತಮ್ಮ ಪಾಡಿಗೆ ಕಟ್ಟಲು ಕೂತವು. ಒಂದು ಇಡ್ಲಿ ಪಾತ್ರೆ ಖಾಲಿಯಾದಾಗ ಅಡುಗೆಮನೆಯಲ್ಲಿದ್ದವರೆಲ್ಲ ಒಬ್ಬೊಬ್ಬರೂ ಒಂದೊಂದು ಒಲೆ ಹಚ್ಚಿ ಹಿಟ್ಟು ಹುಯ್ದ ಹಾಗೆ. ಉಳಿದ ಲಕ್ಷಾಂತರ ಪುಟಗಳಿಗೆ ಒಲೆಯೇ ಉಳಿಯಲಿಲ್ಲ.

ಆಮೇಲೆ ಅವರು ಮಾಡಿದ ಪರಿಹಾರ ಹಣದಿಂದ ಬಂದದ್ದಲ್ಲ, ಯೋಚನೆಯಿಂದ ಬಂದದ್ದು. ಪೂಲ್‌ಕೌಂಟರ್ ಎಂಬ ಸಣ್ಣ ತಂತ್ರಾಂಶವೊಂದನ್ನು ಬರೆದರು. ಒಂದು ಪುಟವನ್ನು ಕಟ್ಟುವುದಕ್ಕೆ ಒಂದು ಹೊತ್ತಿಗೆ ಇಷ್ಟೇ ಮಂದಿ ಎಂಬ ಮಿತಿ. ಒಬ್ಬ ಕಟ್ಟುತ್ತಿದ್ದರೆ ಉಳಿದವರು ಕಾಯಬೇಕು, ಕಾಯಲಾಗದಿದ್ದರೆ ಹಳೆಯ ಪ್ರತಿಯನ್ನೇ ಓದುಗರಿಗೆ ಕೊಟ್ಟು ಕಳಿಸಬೇಕು. ಅರ್ಧ ನಿಮಿಷ ಹಳೆಯದಾದ ಪುಟ ಓದಿದರೆ ಯಾರ ಗಂಟೂ ಹೋಗುವುದಿಲ್ಲ. 2003ರಿಂದ ಇರುವ ನಮ್ಮ ಕನ್ನಡ ವಿಕಿಪೀಡಿಯವೂ ಓಡುವುದು ವಿಕಿಪೀಡಿಯದ ಪುಟಗಳನ್ನೆಲ್ಲ ಕಟ್ಟುವ ಇದೇ ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ.

ವಿಕಿಪೀಡಿಯಕ್ಕೆ ಈಗ ಬಂದಿರುವ ಹೊರೆ ಬೇರೆ ಥರದ್ದು. ಕೃತಕ ಬುದ್ಧಿಮತ್ತೆಯ ಕಂಪನಿಗಳು ಬಿಟ್ಟಿರುವ, ತಾವಾಗಿಯೇ ಪುಟ ತೆರೆಯುವ ಬಾಟ್‌ಗಳು ಹಗಲೂ ರಾತ್ರಿ ಪುಟಗಳನ್ನು ಎತ್ತಿಕೊಂಡು ಹೋಗುತ್ತಿವೆ. ಅತಿ ದುಬಾರಿ ಬೀಳುವ ಬೇಡಿಕೆಗಳಲ್ಲಿ ಶೇಕಡಾ 65ರಷ್ಟು ಬಾಟ್‌ಗಳದೇ ಎಂದು ವಿಕಿಮೀಡಿಯ ಪ್ರತಿಷ್ಠಾನ 2025ರಲ್ಲಿ ಹೇಳಿತು. ಮನುಷ್ಯರು ಹೆಚ್ಚಾಗಿ ಒಂದೇ ಪುಟಗಳಿಗೆ ಬರುತ್ತಾರೆ, ಅವು ಸಿದ್ಧವಿರುತ್ತವೆ. ಬಾಟ್ ಹಾಗಲ್ಲ, ಪಟ್ಟಿಯಲ್ಲಿರುವ ಪ್ರತಿ ತಿಂಡಿಯನ್ನೂ ಒಂದೊಂದು ಪ್ಲೇಟು ಕೇಳುವ ಗಿರಾಕಿ ಅದು. ಯಾರೂ ತೆರೆಯದ ಪುಟಗಳನ್ನೂ ಒಲೆ ಹಚ್ಚಿಯೇ ಕೊಡಬೇಕು. ದೇಣಿಗೆಯಲ್ಲಿ ನಡೆಯುವ ಸಂಸ್ಥೆಗೆ ಇದು ಅನ್ಯಾಯವೆಂದೇ ನನ್ನ ಅನಿಸಿಕೆ.

ನಮ್ಮ ದೇಶದ ಒಂದು ದಿನವನ್ನು ಇಲ್ಲಿ ನೆನೆಯಲೇಬೇಕು. 2019ರ ಜುಲೈ 10, ಮ್ಯಾಂಚೆಸ್ಟರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಭಾರತದ ವಿಶ್ವಕಪ್ ಕ್ರಿಕೆಟ್ ಸೆಮಿಫೈನಲ್. ಹಿಂದಿನ ದಿನ ಮಳೆಗೆ ನಿಂತ ಪಂದ್ಯ ಮುಂದುವರಿದಿತ್ತು. ಧೋನಿ ಕ್ರೀಸಿನಲ್ಲಿದ್ದಾಗ, ಪಂದ್ಯವನ್ನು ನೇರವಾಗಿ ತೋರಿಸುತ್ತಿದ್ದ ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರು 2.53 ಕೋಟಿ. ನ್ಯೂಜಿಲೆಂಡಿನ ಗಪ್ಟಿಲ್ ಎಸೆದ ಚೆಂಡು ವಿಕೆಟಿಗೆ ಬಡಿಯಿತು, ಧೋನಿ ರನೌಟ್. ಜನ ಎದ್ದುಹೋದರು, ಹೊರೆ ಇಳಿಯಿತು ಅಂದುಕೊಳ್ಳುತ್ತೇವೆ. ಒಳಗಿದ್ದ ಎಂಜಿನಿಯರುಗಳಿಗೆ ಅಪಾಯದ ಗಳಿಗೆ ಅದೇ. ವಿಡಿಯೊ ನೋಡುತ್ತಿದ್ದವರು ಬ್ಯಾಕ್ ಒತ್ತಿದಾಗ ಹೋಗುವುದು ಮುಖಪುಟಕ್ಕೆ. ಮುಖಪುಟ ಪ್ರತಿಯೊಬ್ಬರಿಗೂ ಬೇರೆ ಬೇರೆ, ಅವರವರು ಅರ್ಧಕ್ಕೆ ಬಿಟ್ಟ ಧಾರಾವಾಹಿ, ಅವರವರಿಗೆ ಹೊಂದುವ ಸಿನಿಮಾ. ಅದು ದೋಸೆ. ಕೋಟಿಗಟ್ಟಲೆ ಜನ ಒಂದೇ ನಿಮಿಷದಲ್ಲಿ ದೋಸೆ ಕೇಳುತ್ತಾರೆ.

ಇದನ್ನು ಅವರು ಮೊದಲೇ ಊಹಿಸಿದ್ದರು. ಪಂದ್ಯಾವಳಿಗೆ ಮುಂಚೆ ಸಾವಿರಾರು ಯಂತ್ರಗಳಿಂದ ನಕಲಿ ಪ್ರೇಕ್ಷಕರನ್ನು ಹರಿಸಿ, ಎಲ್ಲಿ ಮುರಿಯುತ್ತದೆ ಎಂದು ಕಂಡುಕೊಂಡಿದ್ದರು. ಜನ ನಿಮಿಷಕ್ಕೆ ಹತ್ತು ಲಕ್ಷದಂತೆ ಏರುವಾಗ ಆಮೇಲೆ ಹೊಸ ಸರ್ವರ್ ಎಬ್ಬಿಸಲು ಸಮಯ ಸಾಲದು, ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚನ್ನು ಮೊದಲೇ ಎಬ್ಬಿಸಿಡುತ್ತಿದ್ದರು. ಮಿತಿ ಮೀರಿದರೆ ಯಾವುದನ್ನು ಬಿಟ್ಟುಕೊಡಬೇಕು ಎಂದೂ ತೀರ್ಮಾನಿಸಿದ್ದರು: ನಿಮಗೆ ಇದು ಇಷ್ಟವಾಗಬಹುದು ಎನ್ನುವ ಸಲಹೆಗಳು ಹೋಗಲಿ, ಪಂದ್ಯ ಮಾತ್ರ ನಿಲ್ಲಬಾರದು. 2023ರ ನವೆಂಬರ್ 19ರ ಅಹಮದಾಬಾದ್ ಫೈನಲ್ ಹೊತ್ತಿಗೆ ಅದೇ ವೇದಿಕೆಯಲ್ಲಿ ಏಕಕಾಲದ ಪ್ರೇಕ್ಷಕರು 5.9 ಕೋಟಿ ಮುಟ್ಟಿದರು. ಕ್ರಿಕೆಟ್ ತೋರಿಸಲು ಇಷ್ಟು ಮುನ್ನೆಚ್ಚರಿಕೆ ಸಾಧ್ಯವಾದರೆ ಒಂದು ಪ್ರಮಾಣಪತ್ರಕ್ಕೆ ಯಾಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಟ್ಟುಹೋಗುವುದಿಲ್ಲ.

ಯಂತ್ರವನ್ನೇ ಮುಟ್ಟದೆ ಹೊರೆ ಇಳಿಸುವ ದಾರಿಯೂ ಇದೆ, ಅದು ಗಡಿಯಾರ. ರೈಲ್ವೆಯ ತತ್ಕಾಲ್ ಟಿಕೆಟಿಗೆ ಮೊದಲು ಎಲ್ಲರೂ ಹತ್ತು ಗಂಟೆಗೇ ನುಗ್ಗುತ್ತಿದ್ದರು. 2015ರಲ್ಲಿ ಎಸಿ ದರ್ಜೆಗೆ ಹತ್ತು, ಉಳಿದವಕ್ಕೆ ಹನ್ನೊಂದು ಎಂದು ಬೇರೆ ಮಾಡಿದರು. 2021ರ ಏಪ್ರಿಲ್ 28ರಂದು 18 ವರ್ಷ ದಾಟಿದವರೆಲ್ಲರಿಗೂ ಕೋವಿಡ್ ಲಸಿಕೆಯ ಕೊವಿನ್ ತಾಣದಲ್ಲಿ ನೋಂದಣಿಯನ್ನು ಸಂಜೆ ನಾಲ್ಕಕ್ಕೆ ಒಟ್ಟಿಗೇ ತೆರೆದಾಗ ಏನಾಯಿತೆಂದು ಒಟಿಪಿಗಾಗಿ ಕಾದು ಕೂತವರಿಗೆಲ್ಲ ನೆನಪಿದೆ. ಆ ದಿನ 1.3 ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು ಎನ್ನುವುದೂ ನಿಜ, ಆದರೆ ಮೊದಲ ಗಂಟೆಯ ಆತಂಕ ಬೇಕಿರಲಿಲ್ಲ. 2023ರ ಜುಲೈನಲ್ಲಿ ನಮ್ಮ ರಾಜ್ಯದ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ಯಾವ ದಿನ, ಯಾವ ಹೊತ್ತಿಗೆ, ಎಲ್ಲಿಗೆ ಬರಬೇಕೆಂದು ಮೊಬೈಲಿಗೆ ಸಂದೇಶ ಕಳಿಸುವ ಏರ್ಪಾಟು ಮಾಡಿದರಲ್ಲ, ಆ ಯೋಚನೆ ಸರಿಯಾದದ್ದು. ಬರುವ ಹೊತ್ತನ್ನು ಹಂಚಿಬಿಟ್ಟರೆ ಎರ್ಲಾಂಗನ ಲೆಕ್ಕ ನಮ್ಮ ಕಡೆಗೆ ತಿರುಗುತ್ತದೆ.

ಇಂಥ ಸೈಟುಗಳಿಗೆ ಟೆಂಡರ್ ಬರೆಯುವವರಲ್ಲಿ ನನ್ನ ಕೋರಿಕೆ ಇದು. ಒಟ್ಟು ಎಷ್ಟು ಜನ ಬಳಸುತ್ತಾರೆ ಎಂದು ಬರೆದರೆ ಸಾಲದು. ಅತಿ ಕೆಟ್ಟ ಹತ್ತು ನಿಮಿಷದಲ್ಲಿ ಎಷ್ಟು ಜನ ಬರುತ್ತಾರೆ ಎಂದು ಬರೆಯಿರಿ, ಅದರ ಎರಡರಷ್ಟು ನಕಲಿ ಜನರನ್ನು ಹರಿಸಿ ಪರೀಕ್ಷೆ ಮಾಡಿಸಿ, ಆಮೇಲೆ ಬಿಲ್ ಪಾಸು ಮಾಡಿ. ಸೋತಾಗ ಸುತ್ತುವ ಚಕ್ರ ತೋರಿಸಬೇಡಿ, "ನಿಮ್ಮ ಸರದಿ ನಾಳೆ ಹನ್ನೊಂದಕ್ಕೆ" ಎಂದು ಹೇಳುವ ಒಂದು ಚೀಟಿ ಕೊಡಿ. ಏಳೂವರೆಯ ಬಸ್ಸಿಗೆ ಬಂದವರಿಗೆ ಅಷ್ಟಾದರೂ ಸಲ್ಲಬೇಕು.

ದೊಡ್ಡಮ್ಮನ ಕೆಲಸ ನಾಲ್ಕನೆಯ ಸಲ ಆಯಿತು. ಹುಡುಗ ಹೆಸರು ಹೊಡೆದು, ಪ್ರಮಾಣಪತ್ರ ಪ್ರಿಂಟಾಗಿ ಅವರ ಕೈಗೆ ಬರಲು ಹಿಡಿದದ್ದು ಎರಡು ನಿಮಿಷ.